ಗುಂಡಿಹೂವಿನ ಕಾವಲು

ಬೇಲಿ ಹಾಕಿ ಮುಗಿಸಿದ ನಾಲ್ಕನೇ ದಿನ ಕಾವಲುಗಾರನ ಕೈಗೆ ಸಿಕ್ಕಿಬಿದ್ದ ಮೊದಲ ಮನುಷ್ಯ ಅವನ ಸ್ವಂತ ಮಾವ.

ಮಾವ ಕದ್ದುಮುಚ್ಚಿ ಬಂದಿರಲಿಲ್ಲ. ಬೆಳಿಗ್ಗೆ ಎಂಟು ಗಂಟೆಗೆ ಹೆಗಲ ಮೇಲೆ ಮಡಿಸಿದ ಗೋಣಿಚೀಲ, ಕೈಯಲ್ಲಿ ಕುಡುಗೋಲು ಹಿಡಿದು, ಮೂವತ್ತು ವರ್ಷದಿಂದ ಬರುತ್ತಿದ್ದ ದಾರಿಯಲ್ಲೇ ಬಂದಿದ್ದರು. ದಾರಿಗೆ ಅಡ್ಡವಾಗಿ ತಂತಿ ಇತ್ತು. ಅದನ್ನು ಒಂದು ಕೈಯಲ್ಲಿ ಎತ್ತಿ ಒಳಗೆ ನುಸುಳಿ, ಇಳಿಜಾರಿನ ಮೇಲ್ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಹುಲ್ಲು ಕೊಯ್ಯಲು ಶುರುಮಾಡಿದ್ದರು. ಅರಣ್ಯ ಇಲಾಖೆ ಕೊಟ್ಟ ಹೊಸ ಖಾಕಿ ಅಂಗಿ ತೊಟ್ಟಿದ್ದ ಅಳಿಯ ಕೆಳಗಿನಿಂದ ಏದುಸಿರು ಬಿಡುತ್ತ ಓಡಿಬಂದ. ಸೀಟಿಯನ್ನು ಬಾಯಿಗೆ ಇಟ್ಟುಕೊಂಡವನು, ಕೂತವರು ಯಾರೆಂದು ಗೊತ್ತಾಗಿ ಕೆಳಗಿಳಿಸಿದ.

"ಮಾವ, ಇನ್ಮೇಲೆ ಇಲ್ಲಿ ಕೊಯ್ಯೋ ಹಾಗಿಲ್ಲ."

"ಯಾಕಪ್ಪಾ?"

"ಹೂವಿಗೆ ಅಂತ ಬೇಲಿ ಹಾಕಿದಾರೆ. ಬೋರ್ಡ್ ನೋಡಲಿಲ್ವಾ?"

"ಯಾವ ಹೂವು? ಗುಂಡಿಹೂವಾ?" ಮಾವನಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಅದು ಒಣಗಿ ಬೀಜ ಉದುರಿದ ಮೇಲೇ ಅಲ್ವಾ ನಾನು ಬರೋದು? ಅದಕ್ಕೆ ಮುಂಚೆ ಕೊಯ್ದ ಹುಲ್ಲು ಬರೀ ನೀರು, ದನ ಹೊಟ್ಟೆ ಕೆಡಿಸ್ಕೊಳ್ಳುತ್ತೆ. ಈಗ ಎಲ್ಲಿದೆ ಹೂವು, ತೋರಿಸು."

"ಅದೆಲ್ಲ ನಂಗೊತ್ತಿಲ್ಲ ಮಾವ. ಒಳಗೆ ಯಾರೂ ಕಾಲಿಡಬಾರ್ದು ಅಂತ ಆರ್ಡರ್."

"ಕೊಯ್ಯದೆ ಬಿಟ್ರೆ ಹುಲ್ಲು ಅದನ್ನ ನುಂಗಿ ಹಾಕುತ್ತೆ. ಬೇಲಿ ಹಾಕಿಸಿದ ಆ ಕಾಲೇಜಿನ ಮೇಡಂಗೆ ಹೇಳು."

ಮಾವ ಒಬ್ಬರೇ ಇದ್ದಿದ್ದರೆ ಅಳಿಯ ಏನಾದರೂ ಸಬೂಬು ಹೇಳಿ, ಕೊಯ್ದಷ್ಟನ್ನು ಕಟ್ಟಿಕೊಟ್ಟು ಕಳಿಸುತ್ತಿದ್ದ. ಆದರೆ ಆ ದಿನವೇ ಇಲಾಖೆಯ ಅಧಿಕಾರಿ ಬೇಲಿ ನೋಡಲು ಬಂದಿದ್ದ. ಅವನ ಜೀಪು ಕೆಳಗೆ ರಸ್ತೆಯಲ್ಲಿ ನಿಂತಿತ್ತು. ಅಧಿಕಾರಿ ಮೇಲೆ ಹತ್ತಿ ಬಂದು, ಬಂದವರು ಯಾರು, ಎತ್ತ ಎಂದು ವಿಚಾರಿಸಿ, ಕಾಗದ ತೆಗೆದು ಬರೆದ. ಅತಿಕ್ರಮ ಪ್ರವೇಶ, ಮೊದಲನೇ ಎಚ್ಚರಿಕೆ. ಒಂದು ಪ್ರತಿ ಮಾವನ ಕೈಗೆ, ಇನ್ನೊಂದು ಪ್ರತಿ ಗೇಟಿನ ಪಕ್ಕದ ಹಲಗೆಯ ಮೇಲೆ, ಬರುವವರು ಹೋಗುವವರು ಓದಲಿ ಎಂದು. ಅಂಟಿಸುವ ಕೆಲಸ ಕಾವಲುಗಾರನ ಪಾಲಿಗೆ ಬಂತು. ಅವನು ಅಂಟಿಸಿದ. ಮಾವ ಖಾಲಿ ಗೋಣಿಯನ್ನು ಹೆಗಲಿಗೇರಿಸಿಕೊಂಡು, ಅಳಿಯನ ಮುಖ ನೋಡದೆ ಇಳಿದು ಹೋದರು.

ಆ ಹೂವು ಅಷ್ಟು ದೊಡ್ಡ ಸಂಗತಿ ಎಂದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಊರಿಗೆ ನೀರು ಕೊಡುವ ಟ್ಯಾಂಕಿನ ಹಿಂದೆ ಒಂದು ಗುಡ್ಡ. ಅದರ ಒಂದು ಮಗ್ಗುಲಲ್ಲಿ ಮಾತ್ರ ಮಣ್ಣು ಸುಣ್ಣದ ಹಾಗೆ ಬೆಳ್ಳಗಿದೆ. ಉದ್ದ ನೂರ ಎಂಬತ್ತು ಹೆಜ್ಜೆ, ಅಗಲ ಅರವತ್ತು. ಇಡೀ ಪ್ರಪಂಚದಲ್ಲಿ ಈ ಗಿಡ ಇರುವುದು ಅಷ್ಟೇ ಜಾಗದಲ್ಲಿ. ಗೇಣುದ್ದದ ಗಿಡ, ಅಂಗಿಯ ಗುಂಡಿಯಷ್ಟು ಹೂವು, ತಿಳಿ ನೇರಳೆ ಬಣ್ಣ, ನಡುವೆ ನಾಲ್ಕು ಕಪ್ಪು ಚುಕ್ಕಿ. ಬೆಳಿಗ್ಗೆ ಅರಳಿ ಬಿಸಿಲೇರುವ ಹೊತ್ತಿಗೆ ಮುದುಡುತ್ತದೆ. ಹೂ ಬಿಡುವ ಕಾಲ ಹೆಚ್ಚೆಂದರೆ ಮೂರು ವಾರ.

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಮೇಡಂ ವಿದ್ಯಾರ್ಥಿಗಳನ್ನು ಕರೆದುಕೊಂಡು ಗುಡ್ಡ ಹತ್ತಿದಾಗ ಅದನ್ನು ಕಂಡಿದ್ದರು. ಎರಡು ವರ್ಷ ಅಲ್ಲಿ ಇಲ್ಲಿ ಕಾಗದ ಬರೆದು, ಒಣಗಿಸಿದ ಗಿಡಗಳ ಜೊತೆ ಹೋಲಿಸಿ, ಇದು ಬೇರೆಲ್ಲೂ ಇಲ್ಲದ ಗಿಡ ಎಂದು ಖಾತ್ರಿ ಮಾಡಿಕೊಂಡರು. ಊರವರು ಏನನ್ನುತ್ತಾರೆ ಎಂದು ಯಾರನ್ನೋ ಕೇಳಿದ್ದರು. "ಗುಂಡಿಹೂವು" ಎಂದು ಉತ್ತರ ಬಂದಿತ್ತು. ಕಲ್ಲಿನ ನಡುವಿನ ಸಣ್ಣ ಸಣ್ಣ ಗುಂಡಿಗಳಲ್ಲಿ ಬೆಳೆಯುವುದರಿಂದ ಆ ಹೆಸರು ಎಂದು ಮೇಡಂ ತಮ್ಮ ಮೊದಲ ವರದಿಯಲ್ಲಿ ಬರೆದರು. ಅದು ಹಳ್ಳದ ಗುಂಡಿಯಲ್ಲ, ಅಂಗಿಯ ಗುಂಡಿ ಎಂದು ಕಾವಲುಗಾರ ಕೆಲಸಕ್ಕೆ ಸೇರಿದ ಮೇಲೆ ತನ್ನ ಅಂಗಿಯನ್ನೇ ಹಿಡಿದು ತೋರಿಸಿದ. ನಾಲ್ಕು ತೂತು, ನಾಲ್ಕು ಚುಕ್ಕಿ. ಮೇಡಂ ಹಣೆ ಚಚ್ಚಿಕೊಂಡು ನಕ್ಕರು. ಆದರೆ ವರದಿ ಅಚ್ಚಾಗಿ ಹೋಗಿತ್ತು.

ಕಾವಲುಗಾರ ಅದಕ್ಕೆ ಮುಂಚೆ ಒಂದು ಶೀತಲಗೃಹದಲ್ಲಿ ವಾಚ್‌ಮನ್ ಆಗಿದ್ದ. ಅದು ಮುಚ್ಚಿ ಏಳು ತಿಂಗಳು ಮನೆಯಲ್ಲಿ ಕೂತಿದ್ದ. ಹೂವಿಗೆ ಕಾವಲು ಎಂದಾಗ ಅವನ ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೂವು ಎಲ್ಲಿಗೆ ಓಡಿಹೋಗುತ್ತೋ, ಕಟ್ಟಿಹಾಕೋ" ಎಂದರು. ಅವನೂ ನಕ್ಕ. ಕೆಲಸ ಸಿಕ್ಕಿತ್ತಲ್ಲ.

ಮಾವನ ಮನೆಯೂ ಅವನ ಮನೆಯೂ ಒಂದೇ ಗೋಡೆ ಹಂಚಿಕೊಂಡಿದ್ದವು. ಹಿತ್ತಲೂ ಒಂದೇ, ನಲ್ಲಿಯೂ ಒಂದೇ. ನೋಟಿಸಿನ ದಿನದಿಂದ ಮಾವ ಅಳಿಯನ ಜೊತೆ ಮಾತು ಬಿಟ್ಟರು. ಹೇಳಬೇಕಾದ್ದನ್ನು ಮಗಳಿಗೆ ಹೇಳುತ್ತಿದ್ದರು, ಅಳಿಯ ಮೂರು ಮಾರು ದೂರದಲ್ಲಿ ಹಲ್ಲುಜ್ಜುತ್ತ ನಿಂತಿದ್ದರೂ.

"ನಿನ್ನ ಗಂಡನಿಗೆ ಹೇಳು, ನಲ್ಲಿ ಸರಿಯಾಗಿ ತಿರುಗಿಸಲಿ. ತೊಟ್ಟಿಕ್ಕುತ್ತಿದೆ."

"ನಿಮ್ಮಪ್ಪನಿಗೆ ಹೇಳು, ವಾಷರ್ ಹೋಗಿದೆ, ಸಂಜೆ ತರ್ತೀನಿ ಅಂತ."

ಮೊದಮೊದಲು ಅವಳು ಎರಡೂ ಕಡೆಯ ಮಾತನ್ನು ಮುಟ್ಟಿಸಿದಳು. ಆಮೇಲೆ ಬೇಸತ್ತು, "ನನ್ನೇನು ಪೋಸ್ಟ್‌ಮನ್ ಅಂದ್ಕೊಂಡಿದೀರಾ? ನಿಮ್ಮಿಬ್ಬರಿಗೂ ಕಿವಿ ಇದೆ" ಎಂದು ಪಾತ್ರೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಅಪ್ಪನ ಮಾತನ್ನು ಗಂಡ ಕೇಳಿಸಿಕೊಳ್ಳುತ್ತಾನೆ, ಗಂಡನ ಮಾತನ್ನು ಅಪ್ಪ ಕೇಳಿಸಿಕೊಳ್ಳುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಗುಡ್ಡದ ಹುಲ್ಲು ತಪ್ಪಿದ ಮೇಲೆ ಮಾವ ಎರಡು ಹಸುಗಳಲ್ಲಿ ಒಂದನ್ನು ಕೊಟ್ಟುಬಿಟ್ಟರು. ಅದನ್ನು ಹೊಡೆದುಕೊಂಡು ಹೋದ ದಿನ ಅಳಿಯ ಊಟ ಮಾಡಲಿಲ್ಲ. ಯಾರೂ ಕೇಳಲೂ ಇಲ್ಲ.

ಇತ್ತ ಗುಡ್ಡದಲ್ಲಿ ಕೆಲಸ ಅವನಿಗೆ ಹಿಡಿಸತೊಡಗಿತು. ಹೂ ಬಿಡುವ ಕಾಲಕ್ಕೆ ಮೇಡಂ ಪ್ರತಿದಿನ ಬೆಳಕು ಹರಿಯುವ ಹೊತ್ತಿಗೆ ಬರುತ್ತಿದ್ದರು. ಇಳಿಜಾರಿನ ತುಂಬ ಹುರಿ ಎಳೆದು ಚೌಕ ಮಾಡಿ, ಒಂದೊಂದು ಚೌಕದಲ್ಲೂ ಗಿಡ ಎಣಿಸುವುದು. ಅವನು ಮೊಣಕಾಲೂರಿ ಎಣಿಸಿ ಕೂಗುತ್ತಿದ್ದ, ಅವರು ಬರೆದುಕೊಳ್ಳುತ್ತಿದ್ದರು. ಎರಡು ಎಲೆಯ ಮರಿಗಿಡವನ್ನು ಇಲಿಕಿವಿಯಂಥ ಆಕಾರ ನೋಡಿ ಗುರುತಿಸಲು ಕಲಿತ. ಎಷ್ಟೋ ಸಲ ವಿದ್ಯಾರ್ಥಿಗಳು ದಾಟಿಕೊಂಡು ಹೋದ ಗಿಡವನ್ನು ಅವನು ಹಿಂದಿನಿಂದ ಬಂದು ತೋರಿಸುತ್ತಿದ್ದ. "ನಿಮ್ಮ ಕಣ್ಣು ಹದ್ದಿನ ಕಣ್ಣು" ಎಂದರು ಮೇಡಂ ಒಮ್ಮೆ. ಅದನ್ನು ಅವನು ಮನೆಯಲ್ಲಿ ಗೋಡೆಯ ಆಚೆಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ.

ಬೇಲಿ ಹಾಕುವ ಮುಂಚೆ ಎಣಿಸಿದಾಗ ಸಾವಿರದ ನೂರ ನಲವತ್ತಾರು ಗಿಡ ಇದ್ದವು. ಬೇಲಿ ಹಾಕಿದ ಮರುವರ್ಷ ಸಾವಿರದ ಮುನ್ನೂರ ಹತ್ತು. ಅಧಿಕಾರಿ ಬಂದು ಎಲ್ಲರಿಗೂ ಸಿಹಿ ಹಂಚಿದ. ಎರಡನೇ ವರ್ಷ ಸಾವಿರಕ್ಕೆ ಸ್ವಲ್ಪ ಮೇಲೆ. ಪರವಾಗಿಲ್ಲ, ಒಂದು ವರ್ಷ ಹೆಚ್ಚು, ಒಂದು ವರ್ಷ ಕಮ್ಮಿ ಎಂದರು ಮೇಡಂ. ಮೂರನೇ ವರ್ಷ ನಾನೂರ ಮೂವತ್ತೊಂದು. ಆ ವರ್ಷ ಎಣಿಸುವಾಗಲೇ ಕಾವಲುಗಾರನಿಗೆ ದಿಗಿಲಾಗಿತ್ತು. ಗಿಡ ಹುಡುಕಲು ಎರಡೂ ಕೈಯಿಂದ ಹುಲ್ಲನ್ನು ಬಗೆದು ನೋಡಬೇಕಾಗಿತ್ತು. ಹಿಂದಿನ ವರ್ಷಗಳ ಒಣ ಹುಲ್ಲು ಹಾಸಿಗೆಯ ಹಾಗೆ ಮಡಿಕೆ ಮಡಿಕೆಯಾಗಿ ಬಿದ್ದಿತ್ತು. ಬೀಜ ಬಿದ್ದರೂ ಮಣ್ಣು ಮುಟ್ಟುವ ಹಾಗಿರಲಿಲ್ಲ.

ಮಾವ ಹೇಳಿದ ಮಾತು ಅವನಿಗೆ ನೆನಪಿತ್ತು. ಮರೆತಿದ್ದೇ ಇಲ್ಲ. ಹೇಳೋಣ ಎಂದು ಮೇಡಂ ಹತ್ತಿರ ಎರಡು ಸಲ ಹೋಗಿ, ಬೇರೇನೋ ಮಾತಾಡಿ ವಾಪಸ್ಸು ಬಂದಿದ್ದ.

ಮೇಡಂ ಮಣ್ಣನ್ನು ಪರೀಕ್ಷೆಗೆ ಕಳಿಸಿದರು. ರೋಗವಿದೆಯೇ ಎಂದು ಎಲೆ ಕಳಿಸಿದರು. ಏನೂ ಇರಲಿಲ್ಲ. ನಾಲ್ಕನೇ ವರ್ಷ ಮೊದಲ ದಿನದ ಎಣಿಕೆಯಲ್ಲಿ, ಇಡೀ ಮೇಲ್ಭಾಗದಲ್ಲಿ ಇಪ್ಪತ್ತು ಗಿಡವೂ ಸಿಗಲಿಲ್ಲ. ಅಧಿಕಾರಿ ಕಾವಲುಗಾರನನ್ನು ಕಚೇರಿಗೆ ಕರೆಸಿದ.

"ಯಾರೋ ಒಳಗೆ ಹೋಗಿ ಕೀಳ್ತಿದಾರೆ."

"ಇಲ್ಲ ಸಾರ್. ಒಂದು ನಾಯಿಯನ್ನೂ ಬಿಟ್ಟಿಲ್ಲ."

"ನಿಮ್ಮ ಮಾವನಿಗೆ ನಮ್ಮ ಮೇಲೆ ಸಿಟ್ಟಿದೆ ಅಲ್ವಾ? ದಿನಾ ಬೇಲಿ ಪಕ್ಕ ಓಡಾಡ್ತಾರಂತೆ. ನೀವು ಕಂಡೂ ಕಾಣದ ಹಾಗೆ ಇದೀರ ಅಂತ ನನ್ನ ಅನುಮಾನ. ಮೂರು ದಿನದಲ್ಲಿ ವಿವರಣೆ ಬರೆದು ಕೊಡಿ."

ಅವನು ಕಚೇರಿಯಿಂದ ಹೊರಗೆ ಬಂದು ಸೈಕಲ್ ಹತ್ತದೆ ತಳ್ಳಿಕೊಂಡೇ ಬಂದ. ತನ್ನ ಮೇಲೆ ಅನುಮಾನ ಬಂದದ್ದಕ್ಕಿಂತ ಮಾವನ ಮೇಲೆ ಬಂದದ್ದು ಅವನಿಗೆ ಚುಚ್ಚಿತು. ಆ ಮನುಷ್ಯ ನಾಲ್ಕು ವರ್ಷದಲ್ಲಿ ಒಂದು ದಿನವೂ ತಂತಿಯ ಮೇಲೆ ಕೈ ಇಟ್ಟಿರಲಿಲ್ಲ. ಬೇಲಿಯ ಹೊರಗೆ, ಕೆಳಗಿನ ಕಾಲುದಾರಿಯ ಉದ್ದಕ್ಕೂ, ಒಂದೂವರೆ ಹೆಜ್ಜೆ ಅಗಲದ ಹುಲ್ಲಿನ ಪಟ್ಟಿ ಉಳಿದಿತ್ತು. ಪ್ರತಿವರ್ಷ ಅದೇ ಕಾಲಕ್ಕೆ ಬಂದು ಅದನ್ನು ಕೊಯ್ದುಕೊಂಡು ಹೋಗುತ್ತಿದ್ದರು. ಸಿಗುತ್ತಿದ್ದದ್ದು ಒಂದು ತೆಕ್ಕೆ ಹುಲ್ಲು. ಅಷ್ಟಕ್ಕೆ ಅಷ್ಟು ದೂರ ಯಾರೂ ಬರುವುದಿಲ್ಲ. ಅದು ಹಟ ಎಂದು ಅಳಿಯನಿಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಡ್ಯೂಟಿಗೆ ಬಂದವನು ಗೇಟು ತೆಗೆಯಲಿಲ್ಲ. ಕಾಲುದಾರಿಗೆ ಹೋಗಿ, ಆ ಪಟ್ಟಿಯ ಒಂದು ತುದಿಯಲ್ಲಿ ಮೊಣಕಾಲೂರಿದ. ಹುಲ್ಲು ಗಿಡ್ಡವಾಗಿತ್ತು, ನಡುನಡುವೆ ಬಿಳಿ ಮಣ್ಣು ಕಾಣುತ್ತಿತ್ತು. ಬಿಸಿಲು ಇನ್ನೂ ಎಳೆಯದು, ಹೂವೆಲ್ಲ ಅರಳಿದ್ದವು. ದಿನಾ ಇದೇ ದಾರಿಯಲ್ಲಿ ಸೈಕಲ್ಲಿನಲ್ಲಿ ಬರುತ್ತಿದ್ದರೂ ಅವನ ಕಣ್ಣು ಯಾವಾಗಲೂ ಬೇಲಿಯ ಒಳಗಿರುತ್ತಿತ್ತು. ಒಂದು, ಎರಡು ಎಂದು ಬೆರಳಿಟ್ಟು ಎಣಿಸುತ್ತ ಇನ್ನೊಂದು ತುದಿಗೆ ಬಂದ. ನಲವತ್ತಮೂರು. ನಂಬಿಕೆ ಬಾರದೆ ಹಿಂದಕ್ಕೆ ಎಣಿಸುತ್ತ ಹೋದ. ನಲವತ್ತಮೂರೇ.

ಮೇಡಂ ಬಂದಾಗ ಅವನು ಗೇಟಿನ ಬಳಿ ಇರಲಿಲ್ಲ. ಅವರು ಹುಡುಕಿಕೊಂಡು ಕಾಲುದಾರಿಗೆ ಬಂದರು. ಅವನು ಎದ್ದು ನಿಂತು ಪಟ್ಟಿಯ ಕಡೆ ಕೈ ತೋರಿಸಿದ. ಅವರು ಚೀಲ ಕೆಳಗಿಟ್ಟು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಲಕ್ಕೆ ಮುಖ ತಾಗುವಷ್ಟು ಬಗ್ಗಿ ನೋಡಿದರು. ಬೇಲಿಯ ಆಚೆ ನೋಡಿದರು, ಈಚೆ ನೋಡಿದರು.

"ಇಲ್ಲಿ ಹುಲ್ಲು ಕೊಯ್ಯೋರು ಯಾರು?"

"ನಮ್ಮ ಮಾವ."

"ಯಾವಾಗ ಕೊಯ್ತಾರೆ?"

"ಇದು ಒಣಗಿ ಬೀಜ ಉದುರಿದ ಮೇಲೆ." ಅವನು ಬೇಲಿಯ ಆಚೆಯ ಹುಲ್ಲಿನ ಕಡೆ ನೋಡಿದ. "ಮೇಡಂ, ಕೊಯ್ಯದೆ ಬಿಟ್ರೆ ಹುಲ್ಲು ಇದನ್ನ ನುಂಗಿ ಹಾಕುತ್ತೆ ಅಂತ ಅವರು ಹೇಳಿದ್ರು. ನಿಮಗೆ ಹೇಳು ಅಂತ ನಂಗೆ ಹೇಳಿದ್ರು."

"ಯಾವಾಗ ಹೇಳಿದ್ರು?"

"ಬೇಲಿ ಹಾಕಿದ ನಾಲ್ಕನೇ ದಿನ."

ಮೇಡಂ ಅವನನ್ನು ತಲೆಯೆತ್ತಿ ನೋಡಿದರು. "ನಾಲ್ಕು ವರ್ಷ ಆಯ್ತಲ್ರೀ."

"ಹೌದು."

"ಯಾಕೆ ಹೇಳಲಿಲ್ಲ?"

"ಬೇಲಿ ಬೇಡ ಅಂತಾದ್ರೆ ಕಾವಲೂ ಬೇಡ ಅಂತಾಗುತ್ತಲ್ಲ ಮೇಡಂ." ಅದನ್ನು ಅವನು ತನಗೂ ಅಷ್ಟು ಬಿಡಿಸಿ ಹೇಳಿಕೊಂಡಿರಲಿಲ್ಲ.

ಬೈಯುತ್ತಾರೆ ಎಂದು ಕಾದ. ಮೇಡಂ ಬೈಯಲಿಲ್ಲ. ಕೈಗೆ ಮೆತ್ತಿದ್ದ ಬಿಳಿ ಮಣ್ಣು ಒರೆಸಿಕೊಳ್ಳುತ್ತ, "ನಾನಾದ್ರೂ ಕೇಳಬೇಕಿತ್ತು" ಎಂದರು. "ಹೂವಿನ ಹೆಸರು ಕೇಳಿದೆ, ಹುಲ್ಲಿನ ವಿಷಯ ಕೇಳಲಿಲ್ಲ. ನಡೀರಿ, ಮನೆ ತೋರಿಸಿ."

ಮಾವ ಹಿತ್ತಲಲ್ಲಿ ಹಸುವಿನ ಮೈ ಉಜ್ಜುತ್ತಿದ್ದರು. ಮೇಡಂ ಬಂದದ್ದನ್ನು ನೋಡಿಯೂ ಉಜ್ಜುವುದನ್ನು ನಿಲ್ಲಿಸಲಿಲ್ಲ. ಮಗಳು ಕುರ್ಚಿ ತಂದು ಹಾಕಿದಳು. ಮೇಡಂ ಕುರ್ಚಿ ಬಿಟ್ಟು ಕಲ್ಲಿನ ಮೇಲೆ ಕೂತರು.

"ಯಜಮಾನ್ರೆ, ತಪ್ಪು ನಮ್ಮದು. ಹೂವು ಹೋಗ್ತಾ ಇದೆ. ನೀವು ಹೇಗೆ ಕೊಯ್ತಿದ್ರಿ ಅಂತ ಹೇಳಿ, ಬರ್ಕೊಳ್ತೀನಿ."

"ನಾನೇನು ಓದಿದೋನೇ? ಬೀಜ ಉದುರಿತಾ ನೋಡ್ತಿದ್ದೆ, ಕೊಯ್ತಿದ್ದೆ. ಆಮೇಲೆ ಎರಡು ವಾರ ದನ ಬಿಡ್ತಿದ್ದೆ. ಅವು ತುಳಿದ್ರೆ ಬೀಜ ಮಣ್ಣಿಗೆ ಸೇರುತ್ತೆ. ಅಷ್ಟೇ."

ಮೇಡಂ ಬರೆದುಕೊಂಡರು. ಎಷ್ಟು ಎತ್ತರಕ್ಕೆ ಕೊಯ್ಯುತ್ತಿದ್ದಿರಿ, ಮೇಲಿನಿಂದಲೋ ಕೆಳಗಿನಿಂದಲೋ, ದನ ಹೂವಿನ ಗಿಡ ತಿನ್ನುತ್ತಿತ್ತೋ ಎಂದು ಒಂದೊಂದನ್ನೂ ಕೆದಕಿ ಕೇಳಿದರು. ಕೇಳುತ್ತ ಕೇಳುತ್ತ ಮಾವ ಹಸುವನ್ನು ಬಿಟ್ಟು ಬಂದು ಎದುರಿಗೆ ಕೂತರು. ಕೊನೆಗೆ ಮೇಡಂ, "ಈ ವರ್ಷ ಬಂದು ಕೊಯ್ದು ಕೊಡ್ತೀರಾ?" ಎಂದರು.

ಮಾವ ಕೈಗೆ ಅಂಟಿದ್ದ ಹಸುವಿನ ಕೂದಲು ಕೊಡವಿಕೊಂಡರು.

"ಬರಬೇಡ ಅಂತ ಬರವಣಿಗೆಯಲ್ಲಿ ಕೊಟ್ರಿ. ಬಾ ಅನ್ನೋದನ್ನೂ ಬರವಣಿಗೆಯಲ್ಲೇ ಕೊಡಿ. ಅದನ್ನ ಅಂಟಿಸಿದ ಜಾಗದಲ್ಲೇ ಇದನ್ನೂ ಅಂಟಿಸಿ."

ಮೇಡಂ ಅಲ್ಲೇ ಕೂತು ಬರೆದರು. ಆದರೆ ಇಲಾಖೆಯ ಅನುಮತಿ ಅಷ್ಟು ಸಲೀಸಾಗಿ ಬರಲಿಲ್ಲ. ಸಂರಕ್ಷಿತ ಜಾಗದೊಳಗೆ ಕುಡುಗೋಲು ತರುವುದೇ ನಿಯಮಕ್ಕೆ ವಿರುದ್ಧ ಎಂದ ಅಧಿಕಾರಿ. ಮೇಡಂ ಅವನನ್ನು ಕೈ ಹಿಡಿದು ಕರೆತಂದಂತೆ ಕರೆತಂದು, ಒಳಗಿನ ಲೆಕ್ಕ ನೂರ ಹದಿನೆಂಟು, ಹೊರಗಿನ ಪಟ್ಟಿಯಲ್ಲಿ ನಲವತ್ತಮೂರು ಎಂದು ಒಂದೊಂದನ್ನೂ ತೋರಿಸಿದರು. ಅವನು ಬೇಲಿಯ ಆಚೀಚೆ ನಾಲ್ಕು ಸಲ ಓಡಾಡಿದ. ಕಾವಲುಗಾರನಿಂದ ಬರೆಸಿಕೊಳ್ಳಬೇಕೆಂದಿದ್ದ ವಿವರಣೆಯ ಸುದ್ದಿಯನ್ನು ಮತ್ತೆ ಎತ್ತಲಿಲ್ಲ. ಅರ್ಧ ಜಾಗದಲ್ಲಿ ಮಾತ್ರ ಕೊಯ್ಯಿರಿ, ಇನ್ನರ್ಧ ಹಾಗೇ ಇರಲಿ, ಹೋಲಿಸಿ ನೋಡೋಣ ಎಂದು ಒಪ್ಪಿದ. ಹಲಗೆಯ ಮೇಲೆ ಬಿಸಿಲಿಗೆ ಹಳದಿಯಾಗಿದ್ದ ಹಳೆಯ ನೋಟಿಸನ್ನು ಕಾವಲುಗಾರ ಉಗುರಿನಿಂದ ಕೆರೆದು ತೆಗೆದು, ಮೇಡಂ ಬರೆದ ಕಾಗದವನ್ನು ಅಂಟಿಸಿದ. ಹಳೆಯದನ್ನು ತೆಗೆ ಎಂದು ಯಾರೂ ಹೇಳಿರಲಿಲ್ಲ.

ಬೀಜ ಉದುರಿದ ಮೇಲೆ ಮಾವ ಬಂದರು. ಕಾಗದದ ಮುಂದೆ ನಿಂತು, ಓದಲು ಬಾರದಿದ್ದರೂ ಓದುವವರ ಹಾಗೆ ಸ್ವಲ್ಪ ಹೊತ್ತು ನೋಡಿದರು. ಗೇಟಿನಿಂದಲೇ ಒಳಗೆ ಹೋದರು. ಅರ್ಧ ಮಾತ್ರ ಕೊಯ್ಯಬೇಕು ಎಂದಾಗ, "ಅರ್ಧ ತಲೆ ಬೋಳಿಸಿ ಕಳಿಸಿದ ಹಾಗಾಯ್ತು" ಎಂದು ಗೊಣಗಿದರು. ಆದರೂ ಮೇಡಂ ಕಟ್ಟಿದ ಹುರಿಯನ್ನು ಒಂದು ಬೆರಳಿನಷ್ಟೂ ದಾಟಲಿಲ್ಲ.

ನಾಲ್ಕು ವರ್ಷದಲ್ಲಿ ಅವರ ಬಲಭುಜ ಕೆಟ್ಟಿತ್ತು. ಹತ್ತು ಹಿಡಿ ಕೊಯ್ದು ಕೈ ಒದರಿಕೊಳ್ಳುತ್ತಿದ್ದರು. ಅಳಿಯ ಸ್ವಲ್ಪ ದೂರದಲ್ಲಿ ಇನ್ನೊಂದು ಕುಡುಗೋಲು ಹಿಡಿದು ಅಂದಾಜಿನ ಮೇಲೆ ಕೊಯ್ಯುತ್ತಿದ್ದ. ಮಾವ ನಾಲ್ಕೈದು ಸಲ ಓರೆಗಣ್ಣಿನಲ್ಲಿ ನೋಡಿದರು. ಸುತ್ತಮುತ್ತ ಮಗಳಿರಲಿಲ್ಲ.

"ಅದೇನು ಗಡ್ಡ ಕೆರೀತಿದೀಯಾ? ಮುಷ್ಟಿಯಷ್ಟು ಬಿಟ್ಟು ಕೊಯ್ಯಿ. ಬುಡಕ್ಕೆ ಹಾಕಬೇಡ."

"ಹೀಗಾ ಮಾವ?"

"ಮಣಿಕಟ್ಟು ತಿರುಗಿಸು. ಹಾಂ. ಕುಡುಗೋಲು ಕೊಡು ಇಲ್ಲಿ, ಇದಕ್ಕೆ ಬಾಯೇ ಇಲ್ಲ."

ಮಾವ ಚೀಲದಿಂದ ಸಾಣೆಕಲ್ಲು ತೆಗೆದು ಉಗುಳು ಹಚ್ಚಿ ಮಸೆದುಕೊಟ್ಟರು. ಹಳೆಯ ವಿಷಯ ಇಬ್ಬರೂ ಎತ್ತಲಿಲ್ಲ. ಮೂರು ದಿನದ ಕೆಲಸ ಅದು. ಆಮೇಲೆ ಎರಡು ವಾರ ಹಸುವನ್ನು ಆ ಅರ್ಧದಲ್ಲಿ ಬಿಟ್ಟರು. ಇನ್ನರ್ಧಕ್ಕೆ ಅದು ಹೋಗದಂತೆ ನೋಡಿಕೊಳ್ಳುವುದು ಕಾವಲುಗಾರನ ಡ್ಯೂಟಿ. ಹಸುವಿಗೆ ಹುರಿ ಕಾಣಿಸುವುದಿಲ್ಲವಲ್ಲ. ಕಳ್ಳರನ್ನು ಕಾಯುವುದಕ್ಕಿಂತ ಅದು ಕಷ್ಟವಾಯಿತು.

ಮರುವರ್ಷ ಎಣಿಸಿದಾಗ ಕೊಯ್ದ ಅರ್ಧದಲ್ಲಿ ಮುನ್ನೂರ ಎಂಬತ್ತಾರು ಗಿಡ ಇದ್ದವು. ಕೊಯ್ಯದ ಅರ್ಧದಲ್ಲಿ ಇಪ್ಪತ್ತೊಂದು. ಮಣ್ಣಿನೊಳಗೆ ಬೀಜ ಇನ್ನೂ ಜೀವ ಹಿಡಿದುಕೊಂಡಿತ್ತು ಎಂದು ಮೇಡಂ ವಿವರಿಸಿದರು. ಅವರು ಬರೆದ ಹೊಸ ವರದಿಯಲ್ಲಿ ಮಾವನ ಹೆಸರೂ ಅಚ್ಚಾಯಿತು, ಗುಂಡಿ ಎಂದರೆ ಯಾವ ಗುಂಡಿ ಎಂಬುದೂ ತಿದ್ದುಪಡಿಯಾಯಿತು. ಮುಂದಿನ ಸಲ ಇಡೀ ಇಳಿಜಾರನ್ನೂ ಕೊಯ್ಯಲು ಇಲಾಖೆ ಒಪ್ಪಿತು.

ಕಾವಲುಗಾರ ಹೆದರಿದ್ದೂ ಪೂರ್ತಿ ಸುಳ್ಳಾಗಲಿಲ್ಲ. ವರ್ಷವಿಡೀ ಕಾವಲು ಅನಗತ್ಯ, ಮೊಗ್ಗಿನ ಕಾಲದಿಂದ ಕೊಯ್ಲಿನವರೆಗೆ ನಾಲ್ಕು ತಿಂಗಳು ಸಾಕು ಎಂದು ಆದೇಶ ಬಂತು. ಉಳಿದ ಎಂಟು ತಿಂಗಳಿಗೆ ಅವನು ನೀರಿನ ಟ್ಯಾಂಕಿನಲ್ಲಿ ಪಂಪ್ ನೋಡಿಕೊಳ್ಳುವ ಕೆಲಸ ಹಿಡಿದ. ಸದ್ದು ಜಾಸ್ತಿ, ಮಾತು ಕೇಳಿಸುವುದಿಲ್ಲ, ಎಣಿಸಲು ಏನೂ ಇಲ್ಲ. ಅದು ಅವನಿಗೆ ಅಷ್ಟಾಗಿ ಹಿಡಿಸಲಿಲ್ಲ. ಹೇಳಿದ್ದು ತಪ್ಪಾಯಿತೇ ಎಂದು ಒಮ್ಮೆ ಹೆಂಡತಿ ಕೇಳಿದಳು. "ಇಲ್ಲ, ಹೇಳಿದ್ದು ತಡವಾಯ್ತು" ಎಂದ.

ಎರಡನೇ ಕೊಯ್ಲಿನ ನಂತರದ ವರ್ಷ, ಎಣಿಕೆಗೆ ಜನ ಸಾಲದಾಗಿ ಮೇಡಂ, "ಮನೆಯವರು ಯಾರಾದ್ರೂ ಬರ್ತಾರಾ?" ಎಂದರು. ಹೆಂಡತಿ ಬಂದಳು. ಅಷ್ಟು ವರ್ಷ ಮನೆಯಲ್ಲಿ ಬೆಳಿಗ್ಗೆ ಸಂಜೆ ಅದರದ್ದೇ ಮಾತಾಗಿದ್ದರೂ ಅವಳು ಒಮ್ಮೆಯೂ ಗುಡ್ಡ ಹತ್ತಿರಲಿಲ್ಲ. ಅಪ್ಪ ಮೇಲೆ ನೆರಳಲ್ಲಿ ಕೂತಿದ್ದರು. ಗಂಡ ಹುರಿ ಎಳೆಯುತ್ತಿದ್ದ. ಅವಳು ಚಪ್ಪಲಿ ಬಿಟ್ಟು ಬಗ್ಗಿ ನೋಡಿದಳು.

"ಇಷ್ಟೇನಾ?"

"ಇಷ್ಟೇ" ಎಂದ ಗಂಡ.

"ಇಷ್ಟಕ್ಕೆ ನಾಲ್ಕು ವರ್ಷ ನಂಗೆ ತಲೆ ತಿಂದ್ರಿ ಇಬ್ಬರೂ." ಅವಳು ಇನ್ನೂ ಸ್ವಲ್ಪ ಬಗ್ಗಿದಳು. ಬೆರಳಿನಿಂದ ಹೂವನ್ನು ಮುಟ್ಟಲು ಹೋಗಿ, ಮುಟ್ಟಬಹುದೇ ಎಂಬಂತೆ ಮೇಡಂ ಕಡೆ ನೋಡಿದಳು. ಅವರು ಹೂಂ ಎಂದು ತಲೆಯಾಡಿಸಿದರು.

"ಬಣ್ಣ ಚೆನ್ನಾಗಿದೆ" ಎಂದಳು. ಆಮೇಲೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಗಂಡ ತೋರಿಸಿದ ಚೌಕದ ಪಕ್ಕ ಮೊಣಕಾಲೂರಿದಳು. "ಮರಿಗಿಡಾನೂ ಸೇರಿಸಬೇಕಾ?"

"ಸೇರಿಸಬೇಕು. ಇಲಿಕಿವಿ ಹಾಗಿರುತ್ತೆ ನೋಡು, ಎರಡು ಎಲೆ."

"ಹಾಗಾದ್ರೆ ಇಲ್ಲಿ ಹದಿನೇಳು."

ಅವನು ಹಿಂದಿನಿಂದ ಬಂದು ನೋಡಿದ. ಹದಿನೇಳೇ ಇದ್ದವು. ಮೇಡಂ ಬರೆದುಕೊಂಡರು.